ಬಿರುಕು ಬಿಟ್ಟ ಹೆಡ್ಡನ್ನು ಗುಜರಿಗೆ ಹಾಕುವ ಮುನ್ನ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ ಮುಟ್ಟುವವರೆಗೆ ರಸ್ತೆಗೆ ದೊಡ್ಡ ಏರಿಲ್ಲ. ಅಲ್ಲಿಂದ ಮಡಿಕೇರಿಗೆ ಸುಮಾರು 300 ಮೀಟರ್ ಮೇಲೇರಬೇಕು. ಹಳೆಯ ಅಂಬಾಸಿಡರ್‌ಗಳ ರೇಡಿಯೇಟರ್ ಕುದಿಯುವುದು ಈ ಏರಿನಲ್ಲೇ. ಕುದಿದ ಗಾಡಿಯನ್ನು ಬದಿಗೆ ನಿಲ್ಲಿಸಿ, ಸಿಕ್ಕ ತಣ್ಣೀರನ್ನು ಒಂದೇ ಸಮನೆ ಹುಯ್ದು, ಮತ್ತೆ ಹೊರಡುವವರು ಈಗಲೂ ಇದ್ದಾರೆ. ಕೆಲವು ದಿನದ ಮೇಲೆ ಮೆಕ್ಯಾನಿಕ್ ಹೆಡ್ ಬಿಚ್ಚಿ, ವಾಲ್ವ್‌ಗಳ ನಡುವಿನ ಸಣ್ಣ ಗೆರೆ ತೋರಿಸಿ, "ಹೆಡ್ ಕ್ರ್ಯಾಕ್ ಆಗಿದೆ, ಬೇರೆ ಹಾಕ್ಬೇಕು ಸಾರ್" ಅನ್ನುತ್ತಾರೆ.

ಬೇರೆ ಹಾಕಲೇಬೇಕೆಂದಿಲ್ಲ. ಆದರೆ ಹೆಡ್ಡನ್ನು ಉಳಿಸಿಕೊಳ್ಳಬೇಕಾದರೆ ಅದು ಏಕೆ ಸೀಳಿತೆಂದು ಮೊದಲು ತಿಳಿದಿರಬೇಕು.

ಸಿಲಿಂಡರ್‌ನೊಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಬಾಸಿಡರ್‌ನ ಹೆಡ್ ಬೀಡಿನದು. ಬೀಡು ಕರಗುವುದು 1200 ಡಿಗ್ರಿ ಆಸುಪಾಸಿನಲ್ಲಿ. ಆದರೂ ಹೆಡ್ ಕರಗುವುದಿಲ್ಲ, ಏಕೆಂದರೆ ಅದರ ಒಳಗೆ ನೀರು ಓಡಾಡುತ್ತಿರುತ್ತದೆ. ಒಂದು ಕಡೆ ಬೆಂಕಿ, ಕೆಲವೇ ಮಿಲಿಮೀಟರ್ ಆಚೆ ನೀರು. ಇವೆರಡರ ನಡುವೆ ಹೆಚ್ಚು ಕಾಯುವ ಜಾಗವೆಂದರೆ ವಾಲ್ವ್‌ಗಳ ನಡುವಿನ ಕಿರಿದಾದ ಪಟ್ಟಿ. ಕಾದ ಪಟ್ಟಿ ಹಿಗ್ಗಬೇಕು, ಆದರೆ ಸುತ್ತಲಿನ ತಂಪು ಲೋಹ ಜಾಗ ಕೊಡುವುದಿಲ್ಲ. ಹಾಗಾಗಿ ಅದು ಅದುಮಿಸಿಕೊಂಡು ಕಾಯಂ ಆಗಿ ಗಿಡ್ಡವಾಗುತ್ತದೆ. ಎಂಜಿನ್ ತಣಿದಾಗ ಗಿಡ್ಡವಾದ ಪಟ್ಟಿಯನ್ನು ಎರಡೂ ಕಡೆಯ ಲೋಹ ಜಗ್ಗುತ್ತದೆ. ಬೀಡು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅದರ ಮೂರರಲ್ಲೋ ನಾಲ್ಕರಲ್ಲೋ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಬಿರುಕು ಬಾಯಿ ಬಿಡುವುದು ಕಾಯುವಾಗಲ್ಲ, ತಣಿಯುವಾಗ. ಕುದಿಯುವ ಎಂಜಿನ್‌ಗೆ ತಣ್ಣೀರು ಸುರಿಯುವುದು ಇದಕ್ಕಾಗಿಯೇ ಅಪಾಯ.

ಅಂಬಾಸಿಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಿನ್ಯಾಸದ್ದು. ಇದರಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರ್‌ಗಳ ಹೊಗೆ ಒಂದೇ ದಾರಿಯಲ್ಲಿ ಹೊರಬೀಳುತ್ತದೆ. ತುದಿಯ ಸಿಲಿಂಡರ್‌ಗಳ ದಾರಿಗೆ ಎಂಜಿನ್ನಿನ ಎರಡು ಸುತ್ತಿಗೊಮ್ಮೆ ಹೊಗೆ ಬಂದರೆ, ನಡುವಿನ ದಾರಿಗೆ ಪ್ರತಿ ಸುತ್ತಿಗೂ ಬರುತ್ತದೆ. ಈ ಹೆಡ್‌ನಲ್ಲಿ ಬಿರುಕನ್ನು ಮೊದಲು ಹುಡುಕಬೇಕಾದದ್ದು ಅಲ್ಲೇ.

ಎಚ್.ಡಿ. ಕೋಟೆ ಕಡೆಯ ಹಳೇ ಜೀಪುಗಳ ಕಥೆ ಬೇರೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕ್‌ನಲ್ಲೇ ಇದ್ದವು, ಹೆಡ್ ಬರೀ ಮುಚ್ಚಳ. ಮುಂದೆ ಮಹೀಂದ್ರ ತಯಾರಿಸಿದ ಸಿಜೆ-3ಬಿ ಮಾದರಿಯಲ್ಲಿ ಇನ್‌ಲೆಟ್ ವಾಲ್ವ್ ಹೆಡ್‌ಗೆ ಬಂತು, ಎಕ್ಸಾಸ್ಟ್ ಬ್ಲಾಕ್‌ನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಆ ಜೀಪಿನ ಬಾನೆಟ್ ಅಷ್ಟು ಮೇಲೆದ್ದಿರುವುದು ಈ ಕಾರಣಕ್ಕೆ. ಹಾಗಾಗಿ ಇಂಥ ಜೀಪಿನಲ್ಲಿ ಹೆಡ್ಡನ್ನಷ್ಟೇ ದೂರಬಾರದು. ಬ್ಲಾಕ್‌ನಲ್ಲಿ ಎಕ್ಸಾಸ್ಟ್ ಸೀಟಿನ ಸುತ್ತಲೂ ಬಿರುಕು ಹುಡುಕಬೇಕು.

ನಮ್ಮ ಕಡೆ ಹೆಡ್‌ಗಳನ್ನು ಸದ್ದಿಲ್ಲದೆ ಕೊಲ್ಲುವುದು ಕೊಳವೆಬಾವಿಯ ಗಡಸು ನೀರು ಎಂದೇ ನನ್ನ ನಂಬಿಕೆ. ನೀರು ಕಾದಂತೆ ಸುಣ್ಣ ಒಳಗೋಡೆಗೆ ಪದರ ಕಟ್ಟುತ್ತದೆ. ಸುಣ್ಣದ ಈ ಪದರ ಬೀಡು ಸಾಗಿಸುವ ಶಾಖದ ಇಪ್ಪತ್ತನೇ ಒಂದು ಪಾಲನ್ನೂ ಸಾಗಿಸಲಾರದು. ಗೇಜಿನ ಮುಳ್ಳು ಸರಿಯಾಗಿಯೇ ನಿಂತಿರುತ್ತದೆ, ವಾಲ್ವ್ ಸೀಟು ಮಾತ್ರ ಬೇಯುತ್ತಿರುತ್ತದೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಒಕ್ಕಣೆಗೆ ನಿಂತ ಟ್ರ್ಯಾಕ್ಟರ್‌ಗಳಿಗೆ ಇನ್ನೊಂದು ಕಷ್ಟ: ಹೊಟ್ಟು ರೇಡಿಯೇಟರ್‌ಗೆ ಮೆತ್ತಿ ಗಾಳಿ ಕಟ್ಟುತ್ತದೆ.

ಬಿರುಕಿನ ಲಕ್ಷಣಗಳು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು: ರೇಡಿಯೇಟರ್‌ನಲ್ಲಿ ಗುಳ್ಳೆ, ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ ಆಯಿಲ್. ಆದರೆ ಗ್ಯಾಸ್ಕೆಟ್ ಸುಟ್ಟರೂ ಇದೇ ಲಕ್ಷಣಗಳು. ಆದ್ದರಿಂದ ಒತ್ತಡದ ಪರೀಕ್ಷೆಯಿಲ್ಲದೆ ತೀರ್ಪು ಕೊಡಬಾರದು. ನೀರಿನ ದಾರಿಗಳನ್ನೆಲ್ಲ ರಬ್ಬರ್ ಇಟ್ಟು ಬಿಗಿದು, ಒಳಗೆ ಗಾಳಿ ತುಂಬಿ, ಹೆಡ್ಡನ್ನು ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಬಂದಲ್ಲಿ ಬಿರುಕು ನೀರಿನವರೆಗೆ ತಲುಪಿದೆ ಎಂದರ್ಥ. ಬಿಸಿನೀರೇ ಬೇಕು, ಏಕೆಂದರೆ ಕೆಲವು ಬಿರುಕು ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತವೆ. ಮೇಲ್ಮೈಯಲ್ಲಷ್ಟೇ ಇದ್ದು ನೀರಿಗೆ ಮುಟ್ಟದ ಗೆರೆಯಿರುವ ಹೆಡ್‌ಗಳು ಎಷ್ಟೋ ವರ್ಷ ಓಡುತ್ತವೆ.

ಸೋರುವ ಬಿರುಕಿಗೆ ಎರಡು ಚಿಕಿತ್ಸೆಗಳಿವೆ. ಒಂದು ವೆಲ್ಡಿಂಗ್. ಬೀಡಿನಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚು, ಬೇಗ ತಣಿದರೆ ಬೆಸುಗೆಯ ಪಕ್ಕದ ಲೋಹ ಗಾಜಿನಷ್ಟು ಪೆಡಸಾಗಿ ಅಲ್ಲೇ ಮತ್ತೆ ಸೀಳುತ್ತದೆ. ಹೆಡ್ಡನ್ನು ಇಡಿಯಾಗಿ ಕೆಂಪಗೆ ಕಾಯಿಸಿ, ಬೆಸೆದು, ಸುಣ್ಣದ ಪುಡಿಯಲ್ಲಿ ಹೂತು ನಿಧಾನವಾಗಿ ತಣಿಸಬೇಕು. ಎರಡನೆಯದು ಮೆಟಲ್ ಸ್ಟಿಚಿಂಗ್: ಬಿರುಕಿನ ಉದ್ದಕ್ಕೂ ಒಂದರ ಅಂಚಿಗೊಂದು ಒತ್ತುವಂತೆ ತೂತು ಕೊರೆದು, ಮರೆ ಹಾಕಿ, ಲೋಹದ ಪಿನ್‌ಗಳನ್ನು ಬಿಗಿಯುವುದು. ಕಾಯಿಸುವ ಮಾತೇ ಇಲ್ಲ, ಹೆಡ್ ಸೊಟ್ಟಗಾಗುವ ಭಯವೂ ಇಲ್ಲ. ಬೀಡಿನ ಹೆಡ್‌ಗೆ ನಾನು ಇದನ್ನೇ ಮೆಚ್ಚುತ್ತೇನೆ. ಎರಡರಲ್ಲಿ ಯಾವುದೇ ಆದರೂ ಕೊನೆಗೆ ಫೇಸಿಂಗ್, ಮತ್ತೊಮ್ಮೆ ಒತ್ತಡದ ಪರೀಕ್ಷೆ ಆಗಲೇಬೇಕು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇನ್ನು ಬದಲಿ ಹೆಡ್ ಸಿಗುವುದು ಹೆಚ್ಚಾಗಿ ಗುಜರಿಯಲ್ಲಿ, ಅದರಲ್ಲೂ ಬಿರುಕು ಇರಬಹುದು. ಇನ್ನೊಂದು ವಿಷಯ: ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಹಳೆಯ ಬೀಡಿನ ಎಕ್ಸಾಸ್ಟ್ ಸೀಟುಗಳನ್ನು ಸವೆತದಿಂದ ಕಾಯುತ್ತಿದ್ದುದು ಆ ಸೀಸವೇ. ಹೆಡ್ ಹೇಗೂ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟು ಕೂರಿಸುವುದು ಒಳ್ಳೆಯದು. ಆದರೆ ಕೊರೆತ ಆಳವಾದರೆ ನೀರಿನ ಗೋಡೆಗೆ ತೂತು ಬೀಳುತ್ತದೆ. ಅನುಭವಿ ಲೇತ್ ಶಾಪಿಗೇ ಕೊಡಿ.

ಮೈಸೂರಿನಲ್ಲೇ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಈ ಪಾಡಿಲ್ಲ. ಅವುಗಳ ಹೆಡ್‌ನಲ್ಲಿ ವಾಲ್ವೂ ಇಲ್ಲ, ನೀರೂ ಇಲ್ಲ. ಅಲ್ಲಿ ಹಾಳಾಗುವುದು ಸಾಮಾನ್ಯವಾಗಿ ಪ್ಲಗ್ಗಿನ ಮರೆ.

ಹಳೇ ಗಾಡಿ ಇಟ್ಟುಕೊಂಡವರು ಕೊಳವೆಬಾವಿ ನೀರು ಬಿಟ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿ. ಕುದಿದರೆ ಎಂಜಿನ್ ತಾನಾಗಿ ತಣಿಯುವವರೆಗೆ ಮುಚ್ಚಳ ಮುಟ್ಟದೆ ಕಾಯಿರಿ. ಹೆಡ್ ಬಿರುಕು ಬಿಟ್ಟಿದೆ ಎಂದು ಯಾರಾದರೂ ಹೇಳಿದರೆ, ಒತ್ತಡದ ಪರೀಕ್ಷೆ ಮಾಡಿಸದೆ ಅದನ್ನು ತೂಕಕ್ಕೆ ಹಾಕಬೇಡಿ.