ಅಳತೆ ಟೇಪ್ ಹಿಡಿದು ದುಬೈಗೆ

‘ನನ್ನ ಎತ್ಕೊಂಡು ಹೋಗೋದಾದ್ರ ನಾ ಬರಂಗಿಲ್ಲ ನೋಡು.’ ಪ್ರವಾಸದ ಮಾತು ತೆಗೆದಾಗ ಅವ್ವ ಹಾಕಿದ ಷರತ್ತು ಇದೊಂದೇ.

ಐದು ವರ್ಷದ ಹಿಂದೆ ಖಜೂರಿಯ ನಮ್ಮ ಮನೆ ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವ್ವನಿಗೆ ನಡೆಯಲಾಗುವುದಿಲ್ಲ. ಕೈ ಮಾತ್ರ ಗಟ್ಟಿ. ವ್ಹೀಲ್‌ಚೇರ್ ತಾನೇ ತಳ್ಳಿಕೊಳ್ಳುತ್ತಾಳೆ. ಆದರೆ ಬಸ್ಸು ಹತ್ತಬೇಕಾದರೆ ಇಬ್ಬರು ಎತ್ತಬೇಕು. ಸೀರೆ ಸರಿದರೆ, ಯಾರದೋ ಕೈ ತಗುಲಿದರೆ ಸಂಕಟ. ಹಾಗಾಗಿ ಮದುವೆ, ಜಾತ್ರೆ ಎಲ್ಲ ಬಿಟ್ಟಿದ್ದಳು.

ಮರುಭೂಮಿ ನೋಡಬೇಕೆನ್ನುವುದು ಅವ್ವನ ಹಳೇ ಆಸೆ. ಮೊದಲು ಯೋಚಿಸಿದ್ದು ಜೈಸಲ್ಮೇರ್. ಆದರೆ 1156ರ ಆ ಕೋಟೆಗೆ ಕಲ್ಲುಹಾಸಿನ ಏರುದಾರಿ, ಹವೇಲಿಗಳ ಒಳಗೆ ಇಕ್ಕಟ್ಟಾದ ಮೆಟ್ಟಿಲು. ಅಲ್ಲಿ ಎತ್ತದೆ ಆಗದು. ಕೊನೆಗೆ ದುಬೈ ಎಂದು ತೀರ್ಮಾನಿಸಿದೆವು.

ನಾನು ಕಲಿತ ಮೊದಲ ಪಾಠ: ‘ವ್ಹೀಲ್‌ಚೇರ್‌ಗೆ ಅನುಕೂಲ ಇದೆಯಾ?’ ಅಂತ ಕೇಳಬೇಡಿ. ಎಲ್ಲರೂ ಇದೆ ಅಂತಾರೆ. ‘ಬಾತ್‌ರೂಮ್ ಬಾಗಿಲು ಎಷ್ಟು ಇಂಚು?’ ಅಂತ ಕೇಳಿ. ಹೀಗೇ ‘ಇದೆ’ ಅಂದಿದ್ದ ಒಂದು ಹೋಟೆಲಿನವರಿಗೆ, ಟೇಪ್ ಹಿಡಿದು ಫೋಟೊ ಕಳಿಸಿ ಎಂದೆ. 23 ಇಂಚು! ಅವ್ವನ ಕುರ್ಚಿ 25. ಬುಕ್ ಮಾಡಿದ್ದರೆ ಅಷ್ಟೂ ದಿನ ಎತ್ತುವುದೇ ಆಗುತ್ತಿತ್ತು. ಬಾಗಿಲ ಅಗಲ, ಮಂಚದ ಎತ್ತರ, ಸ್ನಾನದ ಜಾಗದಲ್ಲಿ ಕಟ್ಟೆ ಇದೆಯೋ ಇಲ್ಲವೋ, ಈ ಮೂರನ್ನು ಫೋಟೊದಲ್ಲಿ ನೋಡಿದ ಮೇಲೇ ದುಡ್ಡು ಕಟ್ಟಿದೆ.

ಎರಡನೆಯದು ವಿಮಾನ. ನಾವು ಹೊರಟಿದ್ದು ಹೈದರಾಬಾದಿನಿಂದ. ಟಿಕೆಟ್ ಮಾಡುವಾಗ ‘ಡಬ್ಲ್ಯೂಸಿಎಚ್’ ಎಂಬ ಸಂಕೇತದ ಕೊನೆಯ ಅಕ್ಷರ ಸರಿಯಾಗಿ ಹೇಳಬೇಕು. ದೂರ ನಡೆಯಲಾಗದಿದ್ದರೂ ಮೆಟ್ಟಿಲು ಹತ್ತಬಲ್ಲವರಿಗೆ ‘ಆರ್’, ಮೆಟ್ಟಿಲು ಆಗದಿದ್ದರೂ ಸೀಟಿನ ತನಕ ನಡೆಯಬಲ್ಲವರಿಗೆ ‘ಎಸ್’, ನಡೆಯಲಾಗದವರಿಗೆ ‘ಸಿ’. ‘ಸಿ’ ಎಂದಿದ್ದರೆ ಸೀಟಿನ ತನಕ ಒಯ್ಯುವ ಕಿರಿದಾದ ಕುರ್ಚಿ ಬರುತ್ತದೆ. 48 ಗಂಟೆ ಮುಂಚೆ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ. ತೋಳು ಮೇಲೇಳುವ ಸೀಟು ಕೇಳಿ. ನಾವು ಒಯ್ದಿದ್ದ ನಯವಾದ ಹಲಗೆಯನ್ನು ನಡುವೆ ಇಟ್ಟು, ಅವ್ವ ತಾನೇ ಸೀಟಿಗೆ ಜಾರಿಕೊಂಡಳು. ಯಾರೂ ಎತ್ತಲಿಲ್ಲ.

ಔಷಧಿ ಬಗ್ಗೆ ಎಚ್ಚರ. ಟ್ರಾಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ ಯುಎಇಗೆ ಒಯ್ಯಲು ಅಲ್ಲಿನ ಸರ್ಕಾರದ ಅನುಮತಿ ಮೊದಲೇ ಬೇಕು. ವೈದ್ಯರ ಚೀಟಿ ಜೊತೆಗಿರಲಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಬೆವರುವುದು ಕಡಿಮೆಯಾಗಿ ಮೈ ಬೇಗ ಕಾಯಬಹುದು. ಬೇಸಿಗೆಯ ದುಬೈ 40 ಡಿಗ್ರಿ ದಾಟುತ್ತದೆ. ಅದಕ್ಕೇ ನಾವು ಜನವರಿ ಆರಿಸಿಕೊಂಡೆವು.

2009ರಲ್ಲಿ ಶುರುವಾದ ದುಬೈ ಮೆಟ್ರೊದ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಪ್ಲಾಟ್‌ಫಾರ್ಮೂ ರೈಲಿನ ನೆಲವೂ ಒಂದೇ ಮಟ್ಟ. ಬಾಗಿಲು ತೆರೆದದ್ದೇ ತಡ, ಅವ್ವ ಗಾಲಿ ತಿರುಗಿಸಿಕೊಂಡು ಒಳಗೆ ಹೋಗೇಬಿಟ್ಟಳು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಚೀಲ ಹಿಡಿದುಕೊಂಡು ನಾನೇ ಹಿಂದೆ ಓಡಬೇಕಾಯಿತು. 828 ಮೀಟರಿನ ಬುರ್ಜ್ ಖಲೀಫಾ ನೋಡಿದ್ದಕ್ಕಿಂತ ಆಕೆಗೆ ಅದೇ ದೊಡ್ಡದು. ‘ಯಾರೂ ತಿರುಗಿ ನೋಡ್ಲಿಲ್ಲಲ್ಲೋ!’ ಅಂತ ರಾತ್ರಿ ಎರಡು ಸಲ ಅಂದಳು.

ಆಗದ್ದೂ ಇದೆ. ಮರಳ ದಿಬ್ಬದ ಮೇಲೆ ಜೀಪು ಕುಣಿಸುವ ಸಫಾರಿ ಆಕೆಯ ಬೆನ್ನಿಗಲ್ಲ. ಸಂಜೆ ಊರ ಹೊರಗೆ ರಸ್ತೆಯಂಚಿನಲ್ಲಿ ಟ್ಯಾಕ್ಸಿ ನಿಲ್ಲಿಸಿದೆವು. ಬೊಗಸೆ ಮರಳು ತಂದು ಅವ್ವನ ಮಡಿಲಿಗೆ ಸುರಿದೆ. ಬೆರಳಾಡಿಸಿ, ‘ನಮ್ಮ ಎರಿ ಮಣ್ಣಿನಂಗ ಅಂಟಂಗಿಲ್ಲ’ ಅಂದಳು.

ಊರಿಗೆ ಬಂದಾಗ ಮನೆ ಮುಂದಿನ 7 ಇಂಚಿನ ಮೆಟ್ಟಿಲ ಹತ್ತಿರ ಕುರ್ಚಿ ನಿಂತಿತು. ಐದು ವರ್ಷ ಅಲ್ಲಿ ನಾವು ಎತ್ತುತ್ತಲೇ ಇದ್ದೆವು, ಒಮ್ಮೆಯೂ ಅಳತೆ ಮಾಡಿರಲಿಲ್ಲ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಇಳಿಜಾರು ಬೇಕು ಎಂಬುದು ಲೆಕ್ಕ. ಮರುದಿನವೇ ಗೌಂಡಿಯನ್ನು ಕರೆಸಿ 7 ಅಡಿ ಗುರುತು ಹಾಕಿಸಿದೆ.

‘ಶಹಾಬಾದ್ ಪರಸಿ ಹಾಕ್ಸಬ್ಯಾಡ, ಮಳಿಗಾಲದಾಗ ಜಾರ್ತದ. ಖರಬರಾ ಸಿಮೆಂಟೇ ಇರ್ಲಿ’ ಅಂದಳು ಅವ್ವ. ಟೇಪಿನ ಇನ್ನೊಂದು ತುದಿ ಆಕೆಯ ಕೈಯಲ್ಲಿತ್ತು.