ಕಾಡಿನ ಬಟ್ಟಲು, ಅಡುಗೆಮನೆಯ ಗುಚ್ಚಿ

ಮಲೆನಾಡಿನ ಕಡೆ ಮಳೆ ಹಿಡಿದ ಮೇಲೆ, ಬಿದ್ದು ಕೊಳೆಯುವ ಕೊಂಬೆಗಳ ಮೇಲೆ ಗುಲಾಬಿ, ಕಿತ್ತಳೆ ಬಣ್ಣದ ಪುಟ್ಟ ಬಟ್ಟಲುಗಳು ಏಳುತ್ತವೆ. ಯಾರೋ ಕುಂಕುಮದ ಬಟ್ಟಲು ಮರೆತುಹೋದ ಹಾಗೆ! ಹೂವಲ್ಲ, ಕಾಯಲ್ಲ, ಅಣಬೆಯ ಜಾತಿ. ಕೊಡೆಯ ಬದಲು ಬಟ್ಟಲಿನ ಆಕಾರ, ಅಷ್ಟೆ. ಈ ದೊಡ್ಡ ಬಳಗಕ್ಕೆ ವಿಜ್ಞಾನಿಗಳು ‘ಪೆಜಿಜೇಲ್ಸ್’ ಎನ್ನುತ್ತಾರೆ.

ಬಟ್ಟಲಿನ ಒಳಮೈಯಲ್ಲಿ ಕಣ್ಣಿಗೆ ಕಾಣದ ಚೀಲಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದರ ತುದಿಗೂ ಡಬ್ಬಿಗಿರುವಂಥ ಮುಚ್ಚಳ, ಒಳಗೆ ಸಾಮಾನ್ಯವಾಗಿ 8 ಬೀಜಾಣು. ಬಲಿತಾಗ ಮುಚ್ಚಳ ತೆರೆದು ಅವು ಹೊರಕ್ಕೆ ಸಿಡಿಯುತ್ತವೆ. ಬಲಿತ ಬಟ್ಟಲಿಗೆ ಉಸಿರೂದಿದರೆ ಸಣ್ಣಗೆ ಹೊಗೆ ಎದ್ದಂತೆ ಕಾಣುವುದೂ ಉಂಟು.

ಒಂದೊಂದರದು ಒಂದೊಂದು ಕೆಲಸ. ಕೆಲವು ಸತ್ತ ಮರವನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುತ್ತವೆ. ಕೆಲವುಗಳ ಬೀಜಾಣು ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿ, ಜೀವಂತವಾಗೇ ಹೊರಬಂದು ಸಗಣಿಯಲ್ಲಿ ಮೊಳೆಯುತ್ತವೆ. ಕಾಡಿಗೆ ಬೆಂಕಿ ಬಿದ್ದ ಜಾಗದಲ್ಲಿ ಮೊದಮೊದಲು ತಲೆಯೆತ್ತುವವೂ ಇವೆ. ಫ್ರಾನ್ಸ್, ಇಟಲಿಯ ಹೆಸರುವಾಸಿ ‘ಟ್ರಫಲ್’ ಇದೇ ಬಳಗದ್ದು. ನೆಲದೊಳಗೆ ಓಕ್ ಮರದ ಬೇರಿಗೆ ಅಂಟಿಕೊಂಡು ನೀರು, ಲವಣ ಒದಗಿಸುತ್ತೆ. ಮರ ಅದಕ್ಕೆ ಸಕ್ಕರೆ ಕೊಡುತ್ತೆ. ನಾವು ಪಕ್ಕದ ಮನೆಗೆ ಹೆಪ್ಪು ಕೊಟ್ಟು ಕರಿಬೇವು ತರುವುದಿಲ್ಲವೇ, ಹಾಗೆ.

ನಮ್ಮ ದೇಶದಲ್ಲಿ ಈ ಬಳಗದ ರಾಣಿ ಎಂದರೆ ಗುಚ್ಚಿ. ಕಾಶ್ಮೀರ, ಹಿಮಾಚಲದ ಕಾಡುಗಳಲ್ಲಿ ವಸಂತದಲ್ಲಿ ಹಳ್ಳಿಯವರು ಹುಡುಕಿ ಆರಿಸಿ, ಒಣಗಿಸಿ ಮಾರುತ್ತಾರೆ. ತಲೆ ಜೇನುಹುಟ್ಟಿನಂತೆ, ಒಳಗೆ ಟೊಳ್ಳು. ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ದಿನದ ಸಾರಿಗೆ ಹಾಕುವ ಮಾತಲ್ಲ ಬಿಡಿ! ಆದರೆ ಉತ್ತರದ ಕಡೆ ಹೋದವರು ಪೊಟ್ಟಣ ತಂದುಕೊಟ್ಟರೆ ಒಂದು ವಿಷಯ ತಿಳಿದಿರಲಿ: ಗುಚ್ಚಿಯನ್ನು ಹಸಿಯಾಗಿ ತಿನ್ನಲೇಬಾರದು. 2023ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಒಂದು ಹೋಟೆಲಿನಲ್ಲಿ ಹಸಿ, ಅರೆಬೆಂದ ಗುಚ್ಚಿ ಬಡಿಸಿದರು. 51 ಜನ ಕಾಯಿಲೆ ಬಿದ್ದು, ಇಬ್ಬರು ತೀರಿಕೊಂಡರು. ಮೇಲೆ ಬಿಸಿ ಮಸಾಲೆ ನೀರು ಸುರಿದರೆ ಸಾಲದು.

ಇನ್ನೊಂದು ಭಯ, ಇದನ್ನೇ ಹೋಲುವ, ಮಿದುಳಿನಂತೆ ಸುಕ್ಕಾದ ವಿಷದ ಸೋದರಿ. ಆದ್ದರಿಂದ ಗುರುತಿಲ್ಲದ ಅಣಬೆ ಎಷ್ಟೇ ಚೆಂದವಿದ್ದರೂ ಒಲೆಯ ಹತ್ತಿರ ತರಬೇಡಿ.

ಒಣಗುಚ್ಚಿಯನ್ನು ಬೆಚ್ಚನೆ ನೀರಲ್ಲಿ ಅರ್ಧ ಗಂಟೆ ನೆನೆಸಿ, ಉದ್ದಕ್ಕೆ ಸೀಳಿ, ಟೊಳ್ಳಿನಲ್ಲಿ ಕೂತ ಮರಳು ಹೋಗುವಂತೆ ತೊಳೆಯಿರಿ. ಈರುಳ್ಳಿ, ತುಪ್ಪದಲ್ಲಿ ಬಾಡಿಸಿ, ನೀರು ಹಾಕಿ ಮುಚ್ಚಿ, ಒಳಗಿನವರೆಗೂ ಪೂರ್ತಿ ಬೇಯಿಸಿದ ಮೇಲೆಯೇ ಪಲಾವಿನ ಅಕ್ಕಿ ಹಾಕಿ.