ನಾಟ್ಯಸಿದ್ಧಿಯೂ ಚಲಚ್ಚಿತ್ರವೂ

ಆಡಿದ ನಾಟಕವನ್ನು ಚಲಚ್ಚಿತ್ರದಲ್ಲಿ ಹಿಡಿದಿಟ್ಟರೆ ಕಳೆದುಹೋಗುವುದೇನೆಂಬ ಪ್ರಶ್ನೆಗೆ, ನಟನ ದೇಹವು ಎದುರಿಗಿಲ್ಲ, ಛಾಯೆ ಮಾತ್ರವಿದೆ ಎಂದು ಉತ್ತರ ಹೇಳುವುದುಂಟು. ಹಂಪೆ ಹೊಸಪೇಟೆಗಳ ಸೀಮೆಯ ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಈ ಉತ್ತರ ಸಾಲದು. ಅಲ್ಲಿಯೂ ಸಾಮಾಜಿಕರು ಕಾಣುವುದು ಪರದೆಯ ಮೇಲಣ ಬಣ್ಣದ ನೆರಳನ್ನೇ. ಆದರೆ ಪರದೆಯ ಹಿಂದೆ ಗೊಂಬೆಯಾಡಿಸುವವನಿಗೆ ಸಭೆಯ ನಗೆ ಕೇಳಿಸುತ್ತದೆ. ನಗೆಯೇರಿದರೆ ಕಿಳ್ಳೇಕ್ಯಾತ ಬಂಗಾರಕ್ಕರ ಮಾತನ್ನು ಬೆಳೆಸುವನು, ಸಭೆ ತೂಕಡಿಸಿದರೆ ಕಥೆಯನ್ನು ಮುಂದಕ್ಕೋಡಿಸುವನು. ಆದುದರಿಂದ ಭೇದವನ್ನು ಅರಸತಕ್ಕುದು ಇಲ್ಲಿ: ಆಟವು ಸಭೆಗೆ ಓಗೊಡಬಲ್ಲುದೋ ಇಲ್ಲವೋ.

ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ಸಿದ್ಧಿವಿಚಾರಕ್ಕೆಂದೇ ಮೀಸಲಿಟ್ಟಿರುವನು. ಮುಗುಳ್ನಗೆ, ಗಹಗಹಿಕೆ, ‘ಸಾಧು’ ‘ಅಹೋ’ ‘ಕಷ್ಟಂ’ ಎಂಬ ಉದ್ಗಾರಗಳು, ರೋಮಾಂಚ, ಆಸನದಿಂದೇಳುವುದು, ವಸ್ತ್ರವನ್ನೂ ಉಂಗುರವನ್ನೂ ಎಸೆಯುವುದು, ಇವು ಮಾನುಷೀ ಸಿದ್ಧಿಯ ಲಕ್ಷಣಗಳು. (ನಾಟಕ ಕಂಪನಿಗಳ ‘ಒನ್ಸ್ ಮೋರ್’ ಈ ವಂಶದ್ದೇ.) ಚಿತ್ರದೊಳಗಿನ ನಟನಿಗೆ ಇವೊಂದೂ ತಲಪಲಾರವು.

ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆಯೂ ಸಲ್ಲಲಿ. ಮಧ್ಯಮ ವಿಕೃಷ್ಟಮಂಟಪಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲ. ಇದಕ್ಕೂ ಹಿರಿದಾದರೆ ಮಾತು ಕೆಡುವುದು, ಮುಖಭಾವ ಕಾಣದು ಎಂಬುದು ಭರತನ ಎಚ್ಚರಿಕೆ. ಈ ತೊಡಕನ್ನು ಸಮೀಪಚಿತ್ರವು ನೀಗಿತು. ಆದರೆ ಅರಸನು ಮಾತನಾಡುತ್ತಿರುವಾಗ ಸಾರಥಿಯ ಚೇಷ್ಟೆಯನ್ನು ನೋಡುವ ಸ್ವಾತಂತ್ರ್ಯ ಪ್ರೇಕ್ಷಕನಿಗೆ ಉಳಿಯಲಿಲ್ಲ.

ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಿ ಈ ಸಾರಥಿಯೇ ಸಭೆಗೂ ರಂಗಕ್ಕೂ ಸೇತುವೆ. ಕಂಪ್ಲಿಯ ಬಯಲಿನಲ್ಲಿ ಅವನು ತುಂಗಭದ್ರೆಯ ನೆರೆಯನ್ನು ಕುರಿತು ನಗೆಮಾತನಾಡಿದನೆನ್ನೋಣ. ಅದರ ಚಿತ್ರವನ್ನು ಸಂಡೂರಿನಲ್ಲಿ ತೋರಿಸಿದರೆ ನಗುವವರು ವಿರಳ. ಸಾರಥಿಯೇ ಅಲ್ಲಿಗೆ ಬಂದಿದ್ದರೆ ಮಾತನ್ನು ಅದಿರಿನ ಲಾರಿಗಳ ಕೆಂಧೂಳಿಗೆ ಹೊರಳಿಸುತ್ತಿದ್ದನು.

ಚಿತ್ರವು ಶಾಶ್ವತವೆಂಬ ನಂಬಿಕೆಯೂ ಪರಿಶೀಲನಾರ್ಹ. ಸುಬ್ಬಯ್ಯನಾಯುಡು, ನಾಗೇಂದ್ರರಾಯರೇ ಮುಂತಾದ ರಂಗನಟರು ಕೊಲ್ಲಾಪುರದ ಸ್ಟುಡಿಯೋದಲ್ಲಿ ಅಭಿನಯಿಸಿದ ‘ಸತೀ ಸುಲೋಚನಾ’ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರತಿಯು ಇಂದು ಉಪಲಬ್ಧವಿಲ್ಲ. ಬಾಯಿಂದ ಬಾಯಿಗೆ ಬಂದ ಬಯಲಾಟಗಳು ಇನ್ನೂ ಆಡಲ್ಪಡುತ್ತಿವೆ.

ಹಾಗೆಂದು ಬಯಲಾಟಗಳನ್ನು ಚಿತ್ರಿಸಿಡುವ ಕಾರ್ಯ ನಿಲ್ಲತಕ್ಕುದಲ್ಲ. ಒಂದು ರಾತ್ರಿಯ ಮಾತನ್ನು ಕಲಿಯುವವರು ಸ್ಥಿರಪಾಠವೆಂದು ಭ್ರಮಿಸುವುದೇ ಅಪಾಯ. ಅದಕ್ಕಾಗಿ ಒಂದು ಯಂತ್ರವನ್ನಾದರೂ ಸಭೆಯ ಕಡೆಗೆ ತಿರುಗಿಸಿ, ನಗೆ ಎಲ್ಲೆದ್ದಿತು, ಎಲ್ಲಿ ಅಡಗಿತು ಎಂಬುದನ್ನು ಊರು ದಿನಾಂಕಗಳೊಡನೆ ದಾಖಲಿಸಬೇಕು. ಒಂದೇ ಪ್ರಸಂಗವನ್ನು ಎರಡು ಊರುಗಳಲ್ಲಿ ಚಿತ್ರಿಸಿದರೆ ಪಾಠ ಯಾವುದು, ಆ ರಾತ್ರಿಯ ಸ್ಫುರಣ ಯಾವುದು ಎಂದು ಬೇರ್ಪಡಿಸಲು ಬರುವುದು.